ಕಬಾಸು ಮಹಾಶಯ ಭೂಮಧ್ಯರೇಖೆಗೆ ಹೊರಟದ್ದು

ಪ್ರಕಾಶಕ ಬ್ರುಶೊ ಗೋಣಿಚೀಲವನ್ನು ಸಿಡೋನಿಯ ಅಡುಗೆಮನೆಯ ಮೇಜಿನ ಮೇಲೆ ಬೋರಲು ಹಾಕಿದಾಗ ಅದರಿಂದ ಹದಿನೇಳು ಚಿತ್ರದಚ್ಚುಗಳು ದಡದಡನೆ ಉದುರಿದವು. ಒಂದಂತೂ ನೇರ ಹಿಟ್ಟಿನ ಬಟ್ಟಲಿಗೇ ಬಿತ್ತು. ಪ್ಯಾರಿಸಿನಲ್ಲಿ ಯಾವುದೋ ಮುದ್ರಣಾಲಯ ಬಾಗಿಲು ಹಾಕಿತಂತೆ, ಮರದಲ್ಲಿ ಕೆತ್ತಿದ ಅಚ್ಚುಗಳನ್ನು ಸೌದೆಯ ಜೊತೆ ಸೇರಿಸಿ ಕೊಡುತ್ತಿದ್ದರಂತೆ, ಈತ ಹೊತ್ತುಕೊಂಡು ಬಂದನಂತೆ. ಈಗ ಇವಕ್ಕೆ ಹೊಂದುವ ಹಾಗೆ ಒಂದು ಪ್ರವಾಸದ ಕಾದಂಬರಿ ಆಗಬೇಕು. ಅದೂ ಜೂನ್ ಮುಗಿಯುವುದರೊಳಗೆ ಆಗಬೇಕು. ಆಗಸ್ಟಿನಲ್ಲಿ ಶಾಲೆ ಶಾಲೆಗಳಲ್ಲಿ ಬಹುಮಾನ ಹಂಚುತ್ತಾರೆ. ಕೆಂಪು ರಟ್ಟಿನ, ಚಿನ್ನದಂಚಿನ ಪುಸ್ತಕವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬರದಿದ್ದರೆ ಈ ಲಿಮೋಜ್ ಪಟ್ಟಣದಲ್ಲಿ ಯಾವ ಹುಡುಗನನ್ನೂ ಜಾಣ ಎನ್ನುವುದಿಲ್ಲ.

ಸಿಡೋನಿ ಒಂದೊಂದೇ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಒಂದು ಆನೆ. ಒಂದು ಹಿಮದ ಗುಡಿಸಲು. ಗುಡಿಸಲಿನ ಪಕ್ಕದಲ್ಲೇ ಒಂದು ಒಂಟೆ. ಅದು ಯಾವ ದೇಶವೋ ದೇವರೇ ಬಲ್ಲ. ಮೊಸಳೆಯ ಬಾಯಲ್ಲಿ ಒಂದು ಟೋಪಿ. ಬಲೂನಿನ ಹಗ್ಗಕ್ಕೆ ಕಾಲು ಸಿಕ್ಕಿಕೊಂಡು ತಲೆಕೆಳಗಾಗಿ ತೂಗುತ್ತಿರುವ ಒಬ್ಬ ಗಂಡಸು. ಚಿತ್ರ ಚಿತ್ರದಲ್ಲೂ ಗಂಡಸೊಬ್ಬ ಇದ್ದ, ಆದರೆ ಒಂದರಲ್ಲಿ ಅವನಿಗೆ ಎದೆಯುದ್ದ ಗಡ್ಡ, ಇನ್ನೊಂದರಲ್ಲಿ ನುಣ್ಣನೆಯ ಗಲ್ಲ, ಮತ್ತೊಂದರಲ್ಲಿ ಬರೀ ಮೀಸೆ. ಅವಳಿಗೆ ಪಿತ್ತ ನೆತ್ತಿಗೇರಿತು.

"ಇವರೆಲ್ಲ ಒಬ್ಬನೇನಾ, ಮೊಸ್ಯೂ ಬ್ರುಶೊ?"

"ಒಬ್ಬನೇ ಅಂತ ಮಾಡ್ಬಿಡಿ ಮದಾಂ. ನಿಮಗೆ ಅದೇನು ದೊಡ್ಡ ವಿಷಯ?"

ನಿಮಗೇನು ದೊಡ್ಡ ವಿಷಯ ಎಂಬ ಈ ಮಾತನ್ನು ಸಿಡೋನಿ ಹದಿನಾಲ್ಕು ವರ್ಷಗಳಿಂದ ಕೇಳುತ್ತಾ ಬಂದಿದ್ದಳು. ಈ ಹದಿನಾಲ್ಕು ವರ್ಷಗಳಲ್ಲಿ ಅವಳು ಇದೇ ಮೇಜಿನ ಮೇಲೆ, ಒಂದು ಪಕ್ಕದಲ್ಲಿ ಬಟಾಣಿ ಸುಲಿಯುತ್ತಾ ಹನ್ನೊಂದು ಪ್ರವಾಸದ ಕಾದಂಬರಿಗಳನ್ನು ಬರೆದಿದ್ದಳು. ಹನ್ನೊಂದರ ರಟ್ಟಿನ ಮೇಲೂ ಇದ್ದ ಹೆಸರು ಅನ್ಸೆಲ್ಮ್ ಮಾರ್ಷಾದಿಯೆ, ಭೂಗೋಳದ ಅಧ್ಯಾಪಕರು. ಎಂದರೆ ಅವಳ ಗಂಡ. ಮೊದಲನೆಯ ಪುಸ್ತಕದ ಹೊತ್ತಿಗೆ, ಹೆಂಗಸು ಬರೆದ ಪ್ರವಾಸವನ್ನು ಹುಡುಗರು ಮುಟ್ಟುವುದಿಲ್ಲ, ಸದ್ಯಕ್ಕೆ ಯಜಮಾನರ ಹೆಸರಿರಲಿ ಎಂದು ಬ್ರುಶೊ ಹೇಳಿದ್ದ. ಆ ಸದ್ಯ ಇನ್ನೂ ಮುಗಿದಿರಲಿಲ್ಲ. ಹಸ್ತಪ್ರತಿ ಸಿದ್ಧವಾದಾಗ ಅನ್ಸೆಲ್ಮ್ ಮಾಡುತ್ತಿದ್ದ ಕೆಲಸ ಒಂದೇ: ಊರುಗಳ ಅಕ್ಷಾಂಶ ರೇಖಾಂಶಗಳನ್ನು ಕೆಂಪು ಶಾಯಿಯಲ್ಲಿ ತಿದ್ದುವುದು. ಉಳಿದದ್ದನ್ನು ಅವನು ಓದಿದ್ದೇ ಇಲ್ಲ.

ಈ ಅನ್ಸೆಲ್ಮ್ ಮಹಾಶಯ ಮೂವತ್ತು ವರ್ಷ ಊರಿನ ಗಂಡುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಜಗತ್ತಿನ ನದಿಗಳೆಲ್ಲ ಅವನ ನಾಲಗೆಯ ತುದಿಯಲ್ಲಿದ್ದವು, ಆದರೆ ಸ್ವತಃ ಬೋರ್ಡೋ ಪಟ್ಟಣವನ್ನು ದಾಟಿದವನಲ್ಲ. ಬೆಳಿಗ್ಗೆ ಎದ್ದರೆ, ಹವೆ ಹೇಗಿದೆಯೆಂದು ತೋರಿಸುವ ಗೋಡೆಯ ಮೇಲಿನ ವಾಯುಭಾರದ ಗಡಿಯಾರವನ್ನು ಬೆರಳಿನಿಂದ ಮೂರು ಸಲ ಕುಟ್ಟಬೇಕು, ಅದರ ಮುಳ್ಳು ಒಪ್ಪಿಗೆ ಕೊಟ್ಟರೆ ಮಾತ್ರ ಕಿಟಕಿ ತೆರೆಯಬೇಕು. ಹೊಟ್ಟೆಗೆ ಗಾಳಿ ಸೋಕಬಾರದೆಂದು ಜುಲೈ ತಿಂಗಳಲ್ಲೂ ಉಣ್ಣೆಯ ಪಟ್ಟಿ ಸುತ್ತಿಕೊಳ್ಳುತ್ತಿದ್ದ, ಅದರ ಮೇಲೆ ಇನ್ನೊಂದು. ಬಾಯಿ ತೆರೆದರೆ "ನಿಖರವಾಗಿ ಹೇಳೋದಾದ್ರೆ" ಎಂದೇ ಶುರು. ಸೂಪು ತಣ್ಣಗಾಗಿದೆ ಎನ್ನುವ ಮನುಷ್ಯನೇ ಅಲ್ಲ ಅವನು. ನಿಖರವಾಗಿ ಹೇಳೋದಾದ್ರೆ ಸೂಪು ಬಿಸಿ ಇಲ್ಲ ಎನ್ನುತ್ತಿದ್ದ. ಇಂಥವನ ಎದುರು ಇಪ್ಪತ್ತೆಂಟು ವರ್ಷ ಕೂತು ಉಂಡ ಹೆಂಗಸಿನ ತಾಳ್ಮೆಯನ್ನು ಯಾರೂ ಅಳೆದವರಿಲ್ಲ.

ಇರಲಿ. ಬ್ರುಶೊ ಹೋದ ಮೇಲೆ ಸಿಡೋನಿ ಅಚ್ಚುಗಳನ್ನು ಮೇಜಿನ ಮೇಲೆ ಹೇಗೆ ಹೇಗೋ ಜೋಡಿಸಿ ನೋಡಿದಳು. ಎಂಥ ಘನಗಂಭೀರ ಪ್ರವಾಸಿಯೂ ಹಿಮದಲ್ಲಿ ಒಂಟೆಯನ್ನು ಕಂಡು ಗಂಭೀರವಾಗಿ ಉಳಿಯುವುದು ಸಾಧ್ಯವಿರಲಿಲ್ಲ. ಎರಡು ವಾರ ತಲೆ ಕೆಡಿಸಿಕೊಂಡಳು. ಕೊನೆಗೆ, ಇದು ನೆಟ್ಟಗೆ ಬರುವ ಕಥೆಯಲ್ಲ, ಸೊಟ್ಟಗೇ ಬರೆದುಬಿಡುತ್ತೇನೆ, ಏನಾದರೂ ಮಾಡಿಕೊಂಡು ಸಾಯಲಿ ಎಂದು ಹಾಸ್ಯಕ್ಕೆ ಕೈ ಹಾಕಿದಳು.

ಹಾಗೆ ಹುಟ್ಟಿದವನೇ ಕಬಾಸು ಮಹಾಶಯ. ತನ್ನ ಮನೆಯ ಎರಡು ಭೂಪಟಗಳಲ್ಲಿ ಭೂಮಧ್ಯರೇಖೆ ಒಂದು ಕೂದಲಿನಷ್ಟು ಹೆಚ್ಚುಕಡಿಮೆ ಇರುವುದನ್ನು ಕಂಡು ನಿದ್ದೆಗೆಟ್ಟ ನಿವೃತ್ತ ಸುಂಕಾಧಿಕಾರಿ. ಯಾವುದು ಸರಿ ಎಂದು ಸ್ವತಃ ಹೋಗಿ ಪರೀಕ್ಷಿಸಲು ಹೊರಡುತ್ತಾನೆ. ತಪ್ಪು ಹಡಗು ಹತ್ತಿ ಉತ್ತರಕ್ಕೆ ಹೋಗುತ್ತಾನೆ, ದಿವಾಳಿಯಾದ ಸರ್ಕಸ್ಸಿನ ಒಂಟೆಯೊಂದು ಅಲ್ಲಿ ಅವನ ಬೆನ್ನು ಹತ್ತುತ್ತದೆ. ಸಿಕ್ಕ ಸಿಕ್ಕ ದೇಶದ ಕ್ಷೌರಿಕರು ಕೇಳದೆಯೇ ಅವನ ಗಡ್ಡಕ್ಕೆ ಕೈ ಹಚ್ಚುತ್ತಾರೆ. ಅಲ್ಲಿಗೆ ಗಡ್ಡದ ತೊಂದರೆ ಬಗೆಹರಿಯಿತು. ಆದರೆ ನಗು ಬರಿಸುವ ಮನುಷ್ಯನೊಬ್ಬನನ್ನು ಬರೆಯಬೇಕಾದರೆ ಬರೆಯುವವರು ಎಲ್ಲಿಗೆ ಹೋಗುತ್ತಾರೆ? ಸಿಡೋನಿ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ತನಗೆ ಅರಿವಿಲ್ಲದೆಯೇ ಅವಳು ಕಬಾಸುವಿನ ಕೈಯಲ್ಲಿ ಒಂದು ವಾಯುಭಾರದ ಗಡಿಯಾರ ಕೊಟ್ಟಳು, ಹೊಟ್ಟೆಗೆ ಎರಡು ಉಣ್ಣೆಪಟ್ಟಿ ಸುತ್ತಿದಳು. ಬಲೂನಿನಿಂದ ತಲೆಕೆಳಗಾಗಿ ತೂಗುತ್ತಲೇ ಅವನು, "ನಿಖರವಾಗಿ ಹೇಳೋದಾದ್ರೆ, ಕೆಳಗೆ ಬಿದ್ದಿರೋದು ಭೂಮಿ, ನಾನಲ್ಲ" ಎಂದಾಗ ಅವಳು ಲೇಖನಿ ಕೆಳಗಿಟ್ಟು, ಏಪ್ರಿಲ್ ತಿಂಗಳ ಆ ಬೆಳಗಿನಲ್ಲಿ, ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಹನ್ನೊಂದು ಪುಸ್ತಕಗಳಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಆ ಹನ್ನೊಂದನ್ನು ಯಾರ ಹೆಸರಿಗೆ ಬೇಕಾದರೂ ಬರೆದುಕೊಳ್ಳಲಿ, ಅವಳಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಇದು ಹಾಗಲ್ಲ. ಇದು ತನ್ನದು. ಇದರ ರಟ್ಟಿನ ಮೇಲೆ ಸಿಡೋನಿ ಮಾರ್ಷಾದಿಯೆ ಎಂದು ಇರಬೇಕು, ಚಿನ್ನದ ಅಕ್ಷರದಲ್ಲಿ ಇರಬೇಕು. ಐವತ್ತೊಂದನೆಯ ವಯಸ್ಸಿನಲ್ಲಿ ಅವಳಿಗೆ ಹುಟ್ಟಿದ ಆಸೆ ಇದೊಂದೇ, ಅದು ಹುಟ್ಟಿದ ಮೇಲೆ ಊಟ ನಿದ್ದೆಗಳಲ್ಲೂ ಅವಳನ್ನು ಬಿಡಲಿಲ್ಲ.

ಹೆಂಡತಿಯ ಹೆಸರಿನಲ್ಲಿ ಕರಾರು ಆಗಬೇಕಾದರೆ ಗಂಡನ ಒಪ್ಪಿಗೆಯ ರುಜು ಬೇಕೇ ಬೇಕು, ಕಾನೂನೇ ಹಾಗಿದೆ. ಚೆರ್ರಿ ಹಣ್ಣಿನ ಕಡುಬು ಮಾಡಿ, ಗಂಡನ ಬಾಯಿಗೆ ಎರಡನೆಯ ತುಂಡು ಹೋದ ಮೇಲೆ, ಮುಂದಿನ ಪುಸ್ತಕ ಹಾಸ್ಯದ್ದು ಎಂದು ಅವಳು ಮೆಲ್ಲಗೆ ತಿಳಿಸಿದಳು. ಅನ್ಸೆಲ್ಮನ ಮುಖ ಗಂಟಿಕ್ಕಿತು.

"ಹಾಸ್ಯ? ನನ್ನ ಹೆಸರಿನಲ್ಲಿ? ನಿಖರವಾಗಿ ಹೇಳೋದಾದ್ರೆ ಸಿಡೋನಿ, ನನಗೆ ಊರಲ್ಲಿ ಒಂದು ಮರ್ಯಾದೆ ಅಂತ ಇದೆ. ಭೂಗೋಳ ಸಂಘದವರು ಏನಂದುಕೊಳ್ಳಲ್ಲ?"

"ಹಾಗಾದ್ರೆ ನಿಮ್ಮ ಹೆಸರು ಬೇಡ ಬಿಡ್ರೀ. ನನ್ನದೇ ಹಾಕ್ಕೊಳ್ತೀನಿ. ಇಲ್ಲೊಂದು ರುಜು ಮಾಡಿ ಸಾಕು."

ಅವನು ಎರಡು ಸಲ ಯೋಚಿಸಲಿಲ್ಲ. ಪೀಡೆ ತೊಲಗಿತೆಂಬಂತೆ ರುಜು ಹಾಕಿ ಕಡುಬಿನ ಮೂರನೆಯ ತುಂಡಿಗೆ ಕೈ ಚಾಚಿದ. ಸಿಡೋನಿ ಆ ಕಾಗದವನ್ನು ರವಿಕೆಯೊಳಗೆ ಇಟ್ಟುಕೊಂಡು, ಹಸ್ತಪ್ರತಿಯನ್ನು ಬುಟ್ಟಿಗೆ ಹಾಕಿಕೊಂಡು, ಮಾರನೆಯ ಬೆಳಿಗ್ಗೆ ಮಾಂಸದಂಗಡಿಗಳ ಬೀದಿಯನ್ನು ಹುಡುಗಿಯ ಹಾಗೆ ಬಿರಬಿರನೆ ದಾಟಿ ಬ್ರುಶೊನ ಅಂಗಡಿಗೆ ಹೋದಳು.

ಬ್ರುಶೊ ನಿಂತ ಕಾಲಿನಲ್ಲೇ ಮೂವತ್ತು ಪುಟ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಸರಿನ ಮಾತಿಗೆ ಮಾತ್ರ ನಗು ನಿಂತಿತು. ಆದರೂ ಆಗುವುದಿಲ್ಲ ಎನ್ನಲಿಲ್ಲ. ಆಗಲಿ, ಹಸ್ತಪ್ರತಿಯನ್ನು ಪಾದ್ರಿ ಲಸ್ಕೂ ಅವರಿಗೆ ಕಳಿಸುತ್ತೇನೆ ಎಂದ. ಬಹುಮಾನದ ಪುಸ್ತಕಗಳನ್ನು ಬಿಷಪ್ಪರ ಪರವಾಗಿ ಓದಿ, ಮಕ್ಕಳ ಕೈಗೆ ಕೊಡಬಹುದು ಎಂದು ಮುದ್ರೆ ಒತ್ತುತ್ತಿದ್ದವರು ಈ ಪಾದ್ರಿ. ಅವರ ಮುದ್ರೆಯಿಲ್ಲದ ಪುಸ್ತಕವನ್ನು ಯಾವ ಶಾಲೆಯೂ ಕೊಳ್ಳುತ್ತಿರಲಿಲ್ಲ.

ಹತ್ತು ದಿನ ಬಿಟ್ಟು ಪಾದ್ರಿ ಲಸ್ಕೂ ತಾವೇ ಸಿಡೋನಿಯ ಮನೆಯ ಮೆಟ್ಟಿಲು ಹತ್ತಿ ಬಂದರು. ಜೊತೆಗೆ ಬ್ರುಶೊನೂ ಇದ್ದ. ಪಾದ್ರಿಗಳು ದಪ್ಪ ಮನುಷ್ಯ, ಏದುಸಿರು ಬಿಡುತ್ತಾ ಕೂತು, ಪಾದ್ರಿ ಓದಿನ ಗುರುಕುಲ ಬಿಟ್ಟ ಮೇಲೆ ತಾವು ಇಷ್ಟು ನಕ್ಕಿದ್ದೇ ಇಲ್ಲ ಎಂದು ಹೇಳಿದರು. ಈ ಕಬಾಸುವನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ತಾಯಿ, ಎಂದೂ ಹೇಳಿ ಗೋಡೆಯ ಮೇಲಿನ ವಾಯುಭಾರದ ಗಡಿಯಾರದ ಕಡೆಗೊಮ್ಮೆ ನೋಡಿ, ಮತ್ತೆ ನಕ್ಕು, ಆಮೇಲೆ ಹಸ್ತಪ್ರತಿಯನ್ನು ಹೊರಗೆ ತೆಗೆದರು. ಇನ್ನೂರ ಹನ್ನೆರಡು ಪುಟಗಳಲ್ಲಿ ನೀಲಿ ಪೆನ್ಸಿಲಿನ ಗೆರೆ ಬೀಳದ ಪುಟ ಒಂದಿದ್ದರೆ ಹೆಚ್ಚು.

ವಿಷಯ ಹೀಗಿತ್ತು. ಬ್ರುಶೊನ ಅಂಗಡಿಯಲ್ಲಿ ಎರಡು ಪುಸ್ತಕಮಾಲೆ. ಗಂಡಸರು ಬರೆದದ್ದು ಹುಡುಗರ ಮಾಲೆಗೆ, ಅದಕ್ಕೆ ಕೆಂಪು ರಟ್ಟು. ಹೆಂಗಸರು ಬರೆದದ್ದು ಹುಡುಗಿಯರ ಮಾಲೆಗೆ, ಅದಕ್ಕೆ ತಿಳಿನೀಲಿ ರಟ್ಟು. ಅವನ ಅಪ್ಪನ ಕಾಲದಿಂದ ನಡೆದು ಬಂದದ್ದು ಹೀಗೆಯೇ. ಹುಡುಗಿಯರ ಪುಸ್ತಕಕ್ಕೆ ಪಾದ್ರಿಗಳ ಬಳಿ ಬೇರೆಯೇ ಪಟ್ಟಿ ಇತ್ತು. ಅದರ ಪ್ರಕಾರ ಹುಡುಗಿಯರ ಪುಸ್ತಕದಲ್ಲಿ ಗಂಡಸಿನ ಹೊಟ್ಟೆಯ ಸುದ್ದಿ ಬರಬಾರದು, ಆದ್ದರಿಂದ ಉಣ್ಣೆಪಟ್ಟಿ ಹೋಯಿತು. ಕ್ಷೌರ ಬರಬಾರದು. ದೊಡ್ಡವರು ಕಾಲು ಮೇಲಾಗಿ ತೂಗಾಡಬಾರದು. ಅಧಿಕಾರಿಯಾಗಿದ್ದವನು ಒಂಟೆಗೆ ಬೈಯಬಾರದು. ಮನೆಯ ಯಜಮಾನನನ್ನು ಕಂಡು ಓದುವ ಹುಡುಗಿಗೆ ನಗು ಬರುವಂಥದ್ದು ಯಾವುದೂ ಇರಬಾರದು.

"ಉಳಿದಿದ್ದು ಎಷ್ಟು ಪುಟ, ಸ್ವಾಮಿ?" ಎಂದಳು ಸಿಡೋನಿ.

"ಅಲ್ಲಲ್ಲಿ ಉಳಿದದ್ದೆಲ್ಲ ಸೇರಿ ಎಪ್ಪತ್ತೊಂದು. ನನಗೂ ಸಂಕಟ ಆಯ್ತಮ್ಮ. ಆದ್ರೆ ಪಟ್ಟಿ ಪಟ್ಟಿನೇ."

"ಹಾಗಾದ್ರೆ ನನ್ನ ಹೆಸರಿರಲಿ, ಕೆಂಪು ರಟ್ಟೂ ಇರಲಿ."

ಬ್ರುಶೊ ಕುರ್ಚಿಯಲ್ಲಿ ಮಿಸುಕಾಡಿದ. ಕೆಂಪು ರಟ್ಟಿನ ಮೇಲೆ ಹೆಂಗಸಿನ ಹೆಸರು ಕಂಡರೆ ಶಾಲೆಯವರು ಇಡೀ ಕಟ್ಟನ್ನು ವಾಪಸು ಕಳಿಸುತ್ತಾರೆ, ಇದನ್ನೊಂದೇ ಅಲ್ಲ ಜೊತೆಗಿರುವ ನಲವತ್ತು ಪುಸ್ತಕಗಳನ್ನೂ ಕಳಿಸುತ್ತಾರೆ, ತಾನು ಬೀದಿಗೆ ಬೀಳುತ್ತೇನೆ ಎಂದು ಗೋಳಾಡಿದ. ಹೆಸರಿನ ಮೊದಲಕ್ಷರ ಮಾತ್ರ ಹಾಕಿದರೆ? ಅದೂ ಆಗದು, ಮುದ್ರೆ ಬೀಳಲು ಪೂರ್ತಿ ಹೆಸರೇ ಬೇಕಂತೆ. ಒಂದು ದಾರಿಯನ್ನು ಹಿಡಿದರೆ ಇವನು ಅಡ್ಡ ನಿಲ್ಲುತ್ತಾನೆ, ಇನ್ನೊಂದನ್ನು ಹಿಡಿದರೆ ಅವರು ಅಡ್ಡ ನಿಲ್ಲುತ್ತಾರೆ. ಇಬ್ಬರೂ ಒಳ್ಳೆಯವರೇ, ಇಬ್ಬರೂ ಅವಳ ಕಾಫಿ ಕುಡಿಯುತ್ತಿದ್ದಾರೆ, ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಕುಟ್ಟಬೇಕೆನಿಸಿತು ಅವಳಿಗೆ.

ಅವರು ಹೋದ ಮೇಲೆ ಅವಳು ಆ ಎಪ್ಪತ್ತೊಂದು ಪುಟಗಳನ್ನು ಓದಿದಳು. ಕಬಾಸು ಮನೆಯಿಂದ ಹೊರಡುತ್ತಾನೆ. ಸಮುದ್ರ ನೋಡುತ್ತಾನೆ. ಸೂರ್ಯಾಸ್ತ ಚೆನ್ನಾಗಿದೆ ಎನ್ನುತ್ತಾನೆ. ಮನೆಗೆ ಬರುತ್ತಾನೆ. ಅಷ್ಟೇ. ಇದರ ಮೇಲೆ ತನ್ನ ಹೆಸರು ಇದ್ದರೆಷ್ಟು ಬಿಟ್ಟರೆಷ್ಟು? ಜೀವ ಇರುವ ಪುಸ್ತಕದ ಮೇಲೆ ತನ್ನ ಹೆಸರಿರುವುದಿಲ್ಲ, ತನ್ನ ಹೆಸರಿರುವ ಪುಸ್ತಕಕ್ಕೆ ಜೀವವಿರುವುದಿಲ್ಲ. ಇಡೀ ಎರಡು ದಿನ ಅವಳು ಪಾತ್ರೆಗಳನ್ನು ಬೇಕೆಂತಲೇ ಸದ್ದು ಮಾಡಿ ತೊಳೆದಳು. ಅನ್ಸೆಲ್ಮ್, ನಿಖರವಾಗಿ ಹೇಳೋದಾದ್ರೆ ತನಗೆ ತಲೆನೋವು ಎಂದ. ಮೂರನೆಯ ದಿನ ಅವಳು ತೀರ್ಮಾನಕ್ಕೆ ಬಂದಳು. ಕಬಾಸು ಬದುಕಲಿ.

ಆದರೆ ನೋಡಿ, ಹಣೆಬರಹ ಎಂಥದ್ದು. ತನ್ನ ಹೆಸರು ಇರಬೇಕೆಂದು ಹಟ ಹಿಡಿದ ಹೆಂಗಸು ಈಗ ಗಂಡನ ಮುಂದೆ ನಿಂತು, ದಯಮಾಡಿ ನಿಮ್ಮ ಹೆಸರು ಕೊಡಿ ಎಂದು ಬೇಡಬೇಕಾಯಿತು. ಅವನೋ, ಬಡಪೆಟ್ಟಿಗೆ ಬಗ್ಗಲಿಲ್ಲ. ಮರ್ಯಾದೆ ಎಂದ, ಸಂಘ ಎಂದ, ಹಳೆಯ ವಿದ್ಯಾರ್ಥಿಗಳು ಎಂದ. ಒಂದು ವಾರ ಬೆಳಿಗ್ಗೆ ಸಂಜೆ ಅವಳ ತಲೆ ತಿಂದ. ಎಂಟನೆಯ ದಿನ ಭೂಗೋಳ ಸಂಘದಿಂದ ಮನೆಗೆ ಬಂದವನ ಕಳೆಯೇ ಬೇರೆಯಾಗಿತ್ತು. ಅಲ್ಲಿ ಪಾದ್ರಿ ಲಸ್ಕೂ ಸಿಕ್ಕಿದ್ದರಂತೆ, ಬ್ರುಶೊನ ಹೊಸ ಪುಸ್ತಕದಂಥದ್ದು ಲಿಮೋಜಿನಲ್ಲಿ ಇದುವರೆಗೆ ಬಂದೇ ಇಲ್ಲವೆಂದು ಎಲ್ಲರೆದುರು ಹೊಗಳಿದರಂತೆ, ಬರೆದವರು ಯಾರೆಂದು ಜನ ಕೇಳಿದಾಗ ಅವರು ನಕ್ಕು ಸುಮ್ಮನಾದರಂತೆ. ಎಲ್ಲರೂ ಇವನ ಮುಖ ನೋಡಿದರಂತೆ.

"ನೋಡು, ನನಗೂ ಒಂದು ಔದಾರ್ಯ ಅಂತ ಇದೆ. ಹಾಕ್ಕೋ ನನ್ನ ಹೆಸರು," ಎಂದ ಅನ್ಸೆಲ್ಮ್.

"ಹಾಕ್ಕೋತೀನಿ. ಆದ್ರೆ ರುಜು ಮಾಡೋಕೆ ಮುಂಚೆ ಒಂದ್ಸಲ ಓದಿ ನೋಡ್ರೀ."

"ಪರವಾಗಿಲ್ಲ, ಅಕ್ಷಾಂಶ ಒಂದೆರಡು ತಪ್ಪಿದ್ರೂ ಹಾಸ್ಯದಲ್ಲಿ ನಡೆಯುತ್ತೆ."

"ಅಕ್ಷಾಂಶದ ಮಾತಲ್ಲ. ಪೂರ್ತಿ ಓದಿ ಅಂತಿದೀನಿ. ಆಮೇಲೆ ನನ್ನ ಬೈಬೇಡಿ."

ನನ್ನ ಹೆಸರಿನ ಪುಸ್ತಕವನ್ನು ನಾನೇ ಕೂತು ಓದಬೇಕೇನು, ಅದು ಓದುಗರ ಕೆಲಸ, ಎಂದುಬಿಟ್ಟ. ಅವಳು ಮತ್ತೆ ಎರಡು ಸಲ ಹೇಳಿದಳು. ಒಮ್ಮೆ ಹಸ್ತಪ್ರತಿಯನ್ನು ಅವನ ತಟ್ಟೆಯ ಪಕ್ಕದಲ್ಲೇ ಇಟ್ಟಳು. ಅವನು ಅದರ ಮೇಲೆ ಸಾಸಿವೆಯ ಬಟ್ಟಲು ಇಟ್ಟ. ಅಲ್ಲಿಗೆ ಅವಳೂ ಕೈ ತೊಳೆದುಕೊಂಡಳು. ಹಳೆಯ ಕಾಗದ ಹರಿಯಿತು, ಹೊಸದಕ್ಕೆ ರುಜು ಬಿತ್ತು, ಕೆಂಪು ರಟ್ಟಿನ ಪುಸ್ತಕ ಜುಲೈ ಕೊನೆಯಲ್ಲಿ ಹೊರಬಂತು. ಪಾದ್ರಿಗಳ ಮುದ್ರೆ ಬಿದ್ದಿತ್ತು. ಒಂದು ಸಾಲೂ ಹೋಗಿರಲಿಲ್ಲ.

ಆಮೇಲಿನ ಹದಿನೈದು ದಿನಗಳನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಅನ್ಸೆಲ್ಮ್‌ಗೆ ಪುಸ್ತಕವನ್ನು ತಾನೇ ಬರೆದ ಹಾಗೆ ನೆನಪಾಗತೊಡಗಿತ್ತು. ಒಂಟೆಯ ಕಲ್ಪನೆ ತನಗೆ ಸ್ನಾನ ಮಾಡುವಾಗ ಹೊಳೆಯಿತೆಂದು ಔಷಧದಂಗಡಿಯವನಿಗೆ ಹೇಳಿದ. ಹಾಸ್ಯವೆಂದರೆ ನಿಖರವಾಗಿ ಹೇಳೋದಾದ್ರೆ ಗಣಿತ, ಎಂದು ಬ್ರೆಡ್ಡಿನವಳಿಗೆ ಪಾಠ ಮಾಡಿದ. ಪುಸ್ತಕದಲ್ಲಿ ಒಂಟೆ ಇದೆ ಎಂದು ಅವನಿಗೆ ಗೊತ್ತಾದದ್ದಾದರೂ ಚಿತ್ರ ನೋಡಿ. ಸಿಡೋನಿ ಪಕ್ಕದಲ್ಲೇ ಬುಟ್ಟಿ ಹಿಡಿದು ನಿಂತು, ಹಲ್ಲು ಕಚ್ಚಿಕೊಂಡು, ಕಾಲ್ಬೆರಳನ್ನು ಬೂಟಿನೊಳಗೆ ಮಡಚಿಕೊಳ್ಳುತ್ತಿದ್ದಳು.

ಬಹುಮಾನ ವಿತರಣೆಯ ದಿನ ಬಂತು. ಗಂಡುಮಕ್ಕಳ ಶಾಲೆಯ ಅಂಗಳಕ್ಕೆ ಚಪ್ಪರ ಹಾಕಿದ್ದರು. ವೇದಿಕೆಯ ಮೇಲೆ ಬಿಷಪ್ಪರು, ಜಿಲ್ಲಾಧಿಕಾರಿ, ಮುಖ್ಯೋಪಾಧ್ಯಾಯರು, ಪಾದ್ರಿ ಲಸ್ಕೂ, ಅವರ ನಡುವೆ ಎದೆಯುಬ್ಬಿಸಿಕೊಂಡು ಅನ್ಸೆಲ್ಮ್. ಆಗಸ್ಟಿನ ಸೆಖೆಗೆ ಜನ ಬೀಸಣಿಗೆಗೆ ಜೋತುಬಿದ್ದಿದ್ದರು. ತಾಯಂದಿರ ಸಾಲಿನಲ್ಲಿ ಸಿಡೋನಿಗೆ ಸಿಕ್ಕ ಜಾಗ ಪಿಂಗಾಣಿ ಕಾರ್ಖಾನೆಯ ಯಜಮಾನನ ಹೆಂಡತಿ ಮದಾಂ ತುರ್ನಿಯೋಲಳ ಪಕ್ಕ. ಹಿಂದೆ ನಿಂತವರೆಲ್ಲ ಗಡ್ಡ ಮೀಸೆ ಬಂದ ಗಂಡಸರು, ಇವತ್ತು ಮಕ್ಕಳನ್ನು ಕರೆತಂದ ಅಪ್ಪಂದಿರು; ಅರ್ಧಕ್ಕರ್ಧ ಜನ ಅನ್ಸೆಲ್ಮ್ ಬಳಿ ಭೂಗೋಳ ಕಲಿತು ಬೆತ್ತದ ರುಚಿ ನೋಡಿದವರು.

ಭಾಷಣಗಳಾದವು, ವಾದ್ಯವಾಯಿತು. ಭೂಗೋಳದ ಮೊದಲ ಬಹುಮಾನ ಕೊಡುವ ಹೊತ್ತಿಗೆ ಮುಖ್ಯೋಪಾಧ್ಯಾಯರು, ಬಹುಮಾನದ ಪುಸ್ತಕ ಬರೆದ ಮಹನೀಯರೇ ನಮ್ಮೊಂದಿಗಿದ್ದಾರೆ, ಒಂದೆರಡು ಪುಟ ಓದಬೇಕು ಎಂದು ಕೇಳಿಕೊಂಡರು. ಅನ್ಸೆಲ್ಮ್ ಮುಂದೆ ಬಂದು ಕನ್ನಡಕ ಏರಿಸಿ, ಚಿತ್ರ ಇದ್ದ ಒಂದು ಪುಟ ತೆರೆದ. ಸಿಡೋನಿಗೆ ಅಷ್ಟು ದೂರದಿಂದಲೇ ಪುಟ ಯಾವುದೆಂದು ಗೊತ್ತಾಯಿತು. ಮಾರ್ಸೇಲ್ಸ್‌ನ ವಸತಿಗೃಹದ ಪ್ರಸಂಗ. ಗಂಡನಿಗೆ ಮೂರು ಸಲ ಹೇಳಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು.

ಅನ್ಸೆಲ್ಮ್ ಓದಿದ. ಕಬಾಸು ಮಹಾಶಯ ಕೋಣೆಗೆ ಬರುತ್ತಾನೆ. ಕಿಟಕಿ ತೆರೆಯಲು ಹೋದ ಸೇವಕಿಯನ್ನು ತಡೆದು, ಪೆಟ್ಟಿಗೆಯಿಂದ ವಾಯುಭಾರದ ಗಡಿಯಾರ ತೆಗೆದು, ಮೂರು ಸಲ ಕುಟ್ಟುತ್ತಾನೆ. ಹಿಂದೆ ನಿಂತಿದ್ದ ಅಪ್ಪಂದಿರಲ್ಲಿ ಯಾರೋ ಒಬ್ಬ ಕಿಸಕ್ಕೆಂದ. ಕಬಾಸು ಸೊಂಟಕ್ಕೆ ಎರಡನೆಯ ಉಣ್ಣೆಪಟ್ಟಿ ಸುತ್ತುತ್ತಾನೆ. ಈಗ ನಾಲ್ಕಾರು ಜನ ನಕ್ಕರು. ಸೇವಕಿ, ಸೆಖೆ ಅಲ್ಲವೇ ಸ್ವಾಮಿ, ಎನ್ನುತ್ತಾಳೆ. "ನಿಖರವಾಗಿ ಹೇಳೋದಾದ್ರೆ," ಎಂದು ಓದಿದ ಅನ್ಸೆಲ್ಮ್, ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ ಅದೇ ರಾಗದಲ್ಲಿ, "ಇದು ಸೆಖೆ ಅಲ್ಲ. ಇದು ತಂಪಿನ ಕೊರತೆ."

ಹಿಂದಿನ ಸಾಲುಗಳು ಭೋರ್ಗರೆದವು. ಅನ್ಸೆಲ್ಮ್‌ಗೆ ಖುಷಿಯಾಯಿತು, ಅಬ್ಬಾ ಎಷ್ಟು ಚೆನ್ನಾಗಿ ಓದುತ್ತಿದ್ದೇನೆ ಎಂದು ಅವನ ಮುಖ ಅರಳಿದ್ದನ್ನು ಸಿಡೋನಿ ಕಂಡಳು. ಅವನು ದನಿ ಏರಿಸಿ ಮುಂದುವರಿಸಿದ. ನಗು ಮುಂದಿನ ಸಾಲುಗಳಿಗೂ ಹಬ್ಬಿತು, ಬಿಷಪ್ಪರ ಭುಜ ಕುಲುಕಿತು. ಅಷ್ಟರಲ್ಲಿ ಸೇವಕಿ, ಪೆಟ್ಟಿಗೆಯನ್ನು ಇಷ್ಟು ಅಚ್ಚುಕಟ್ಟಾಗಿ ಜೋಡಿಸಿದವರು ಯಾರು ಎಂದು ಕೇಳುತ್ತಾಳೆ. ನಾನೇ, ಎನ್ನುತ್ತಾನೆ ಕಬಾಸು. ಹಾಗೆಂದು ಕರವಸ್ತ್ರಕ್ಕಾಗಿ ಪೆಟ್ಟಿಗೆಯನ್ನೆಲ್ಲ ಕೆದಕಿ, ಅದು ಎಲ್ಲಿದೆಯೆಂದು ತಿಳಿಯದೆ, ಮನೆಯಲ್ಲಿರುವ ಹೆಂಡತಿಗೆ ಕಾಗದ ಬರೆದು, ಉತ್ತರ ಬರಲೆಂದು ಒಂಬತ್ತು ದಿನ ಸೋರುವ ಮೂಗು ಹಿಡಿದುಕೊಂಡು ಕಾಯುತ್ತಾನೆ.

ಈ ಸಾಲಿನ ನಡುವೆ ಅನ್ಸೆಲ್ಮ್‌ನ ದನಿ ಸಣ್ಣದಾಯಿತು. ಅವನು ಒಂದು ಸಾಲು ಹಿಂದಕ್ಕೆ ಹೋಗಿ ಮನಸ್ಸಿನಲ್ಲೇ ಮತ್ತೆ ಓದಿದ. ಪುಟ ತಿರುವಿದ. ಇನ್ನೊಂದು ತಿರುವಿದ. ಅವನ ಕೈ ತಾನಾಗಿಯೇ ಕೋಟಿನ ಮೇಲಿನಿಂದ ಸೊಂಟದ ಉಣ್ಣೆಪಟ್ಟಿಯನ್ನು ಮುಟ್ಟಿ ನೋಡಿಕೊಂಡಿತು; ಅದನ್ನು ಕಂಡ ಹಳೆಯ ವಿದ್ಯಾರ್ಥಿಗಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಆರುನೂರು ಜನರ ಆಚೆಗೆ ಅವನ ಕಣ್ಣು ಹೆಂಡತಿಯನ್ನು ಹುಡುಕಿ ಹಿಡಿಯಿತು. ಸಿಡೋನಿ ತಲೆ ತಗ್ಗಿಸಲಿಲ್ಲ. ಅವಳಿಗೆ ಅವನ ಬಗ್ಗೆ ಅಯ್ಯೋ ಎನಿಸಿತು, ಇಷ್ಟು ದಿನದ ಸಿಟ್ಟಿನ ನಡುವೆಯೂ ಎನಿಸಿತು. ಅದರ ಜೊತೆಗೇ, ಈಗ ಹೇಳಿಬಿಡುತ್ತಾನೆ, ತಪ್ಪಿಸಿಕೊಳ್ಳಲಿಕ್ಕಾದರೂ ಈಗ ಸತ್ಯ ಹೇಳಿಯೇ ಹೇಳುತ್ತಾನೆ ಎಂದು ಅವಳು ಕುರ್ಚಿಯ ತುದಿಗೆ ಸರಿದು ಕೂತಳು.

ಅನ್ಸೆಲ್ಮ್ ಪುಸ್ತಕ ಮುಚ್ಚಿ, ಕೈಯೆತ್ತಿ ಜನರನ್ನು ಸುಮ್ಮನಾಗಿಸಿದ.

"ಮಹನೀಯರೇ," ಎಂದ. "ನಿಖರವಾಗಿ ಹೇಳೋದಾದ್ರೆ, ಈ ಪುಸ್ತಕ ಬರೆದದ್ದು ನಾನಲ್ಲ. ಇದನ್ನ ಬರೆದವಳು ನನ್ನ ಹೆಂಡತಿ."

ಆಮೇಲೆ ಚಪ್ಪರ ಹಾರಿಹೋಗುವ ಹಾಗೆ ನಗು ಎದ್ದಿತು. ಅದುವರೆಗಿನದು ನಗುವೇ ಆಗಿರಲಿಲ್ಲ. ಜಿಲ್ಲಾಧಿಕಾರಿ ತೊಡೆ ತಟ್ಟಿಕೊಂಡರು. ಬಿಷಪ್ಪರು ಕಣ್ಣೊರೆಸಿಕೊಳ್ಳಲು ಕನ್ನಡಕ ತೆಗೆದರು. ಅನ್ಸೆಲ್ಮ್ ಬೆಪ್ಪಾಗಿ, ನಿಜವಾಗಲೂ ಅವಳೇ, ದೇವರಾಣೆ ಅವಳೇ ಎಂದು ಕೈ ಚಾಚಿ ತೋರಿಸಿದಷ್ಟೂ ಜನ ಇನ್ನಷ್ಟು ಹುಚ್ಚೆದ್ದರು. ಪಾದ್ರಿ ಲಸ್ಕೂ ಎದ್ದು ನಿಂತು, ಹೌದು, ಅವರು ಹೇಳುತ್ತಿರುವುದು ಸತ್ಯ ಎಂದು ಕೂಗಿದರು. ಪಾದ್ರಿಗಳೂ ಆಟಕ್ಕೆ ಸೇರಿಕೊಂಡರೆಂದು ಜನ ಅವರಿಗೂ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದವನು, ಎಲ್ಲ ಗೊತ್ತಿದ್ದ ಬ್ರುಶೊ. ಸಿಡೋನಿ ಎದ್ದು ನಿಂತಳು. ನಾನೇ, ಎಂದಳು. ಎರಡು ಸಲ ಎಂದಳು. ಸುತ್ತಲಿನ ಹೆಂಗಸರು ಅವಳ ಕೈ ಹಿಡಿದು ಜಗ್ಗಿ, ಸಾಕು ಮಾರಾಯ್ತಿ, ಗಂಡ ಹೆಂಡತಿ ಸೇರಿ ನಮ್ಮನ್ನ ಸಾಯಿಸ್ತೀರಾ ಎಂದು ಕೂರಿಸಿದರು.

ಮದಾಂ ತುರ್ನಿಯೋಲಳಿಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತ್ತು. "ಅಯ್ಯೋ ನನ್ನಮ್ಮ. ಕೊನೆಗೆ ಹೆಂಡ್ತೀನೂ ಬಿಡ್ಲಿಲ್ವಲ್ಲ ನಿಮ್ಮ ಯಜಮಾನ್ರು. ಎಲ್ಲಿಂದ ಹೊಳೆಯುತ್ತೆ ಅವರಿಗೆ ಇಂಥದ್ದೆಲ್ಲ?"

"ಗೊತ್ತಿಲ್ಲ ತಾಯಿ," ಎಂದಳು ಸಿಡೋನಿ. "ಹನ್ನೆರಡು ಪುಸ್ತಕ ಆದ್ವು. ಅವರು ತಾವಾಗಿ ಕಟ್ಟಿದ್ದು ಅಂದ್ರೆ ಇವತ್ತಿನ ಆ ಒಂದು ವಾಕ್ಯ ಮಾತ್ರ."

ಮದಾಂ ತುರ್ನಿಯೋಲ್ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಕಿಲಕಿಲನೆ ನಕ್ಕು ಅವಳ ತೊಡೆಗೊಂದು ಏಟು ಕೊಟ್ಟು ಹಿಂದಿನ ಸಾಲಿಗೆ ತಿರುಗಿದಳು.

"ಕೇಳಿಸ್ಕೊಂಡ್ರಾ? ಅವರ ಜೊತೆ ಇದ್ದು ಇದ್ದು ಈಕೆಗೂ ಒಂದಿಷ್ಟು ಹಾಸ್ಯ ಬಂದ್ಬಿಟ್ಟಿದೆ."